ಅವ್ವನಿಗೆ ಹಾಕಿದ ಎಲೆ

ಶನಿಯ ದೊಡ್ಡ ಚಂದ್ರ, ಉತ್ತರ ದಡದ ವಸತಿ
ಪಿಂಗಳ ಸಂವತ್ಸರ, ಭಾದ್ರಪದ ಅಮಾವಾಸ್ಯೆ
ನಿಮ್ಮ ಎಣಿಕೆ ಮುಂದುವರಿದರೆ ಇಸವಿ ೨೨೧೭

ಇನ್ನೂರು ವರ್ಷ ಹಿಂದಿನವರಿಗೆ, ಅದರಲ್ಲೂ ಊರು ಬಿಟ್ಟು ಬಂದು ಇಬ್ಬರೇ ಹಬ್ಬ ಮಾಡುವವರಿಗೆ, ವಾರಿಜಳ ನಮಸ್ಕಾರ.

ಈ ಕಾಗದದ ಕೆಲವು ಮಾತು ನಿಮಗೆ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ನಾನು ಓದಿದ್ದು ಸಾಹಿತ್ಯ. ನಿಮ್ಮ ಕಾಲದ ದಂಪತಿಗಳು ಮಸ್ಕತ್ತಿನಿಂದಲೋ ಮೆಲ್ಬರ್ನಿನಿಂದಲೋ ಹಬ್ಬದ ದಿನ ಮನೆಗೆ ಕಳಿಸಿದ ಧ್ವನಿಸಂದೇಶಗಳ ಮೇಲೆ ಪ್ರಬಂಧ ಬರೆದವಳು. ನಿಮ್ಮ ಕನ್ನಡವನ್ನು ಕಲಿತದ್ದು ಅಲ್ಲಿಂದ. ಈ ಕಾಗದ ನಿಮಗೆ ತಲುಪುವುದಿಲ್ಲ ಎಂದು ಹೇಳುವವರಿದ್ದಾರೆ. ತಲುಪಿತೋ ಇಲ್ಲವೋ ಗೊತ್ತಾಗದ ಮಾತನ್ನು ಕಳಿಸುವುದು ಇಲ್ಲಿ ನಮ್ಮ ದಿನದ ಕೆಲಸ. ಆದ್ದರಿಂದ ನನಗೇನೂ ಹಿಂಜರಿಕೆಯಿಲ್ಲ.

ನಾನು ಮತ್ತು ನನ್ನ ಗಂಡ ಮರಿಸ್ವಾಮಿ ಇಲ್ಲಿಗೆ ಬಂದು ಐದು ವರ್ಷವಾಯಿತು. ಅವರು ಚಳಿಗೆ ದ್ರವವಾದ ಅನಿಲದ ಸರೋವರದಲ್ಲಿ ಪಂಪು ನೋಡಿಕೊಳ್ಳುತ್ತಾರೆ. ನಾನು ವಸತಿಯ ಮಕ್ಕಳಿಗೆ ಪಾಠ ಹೇಳುತ್ತೇನೆ. ಹೊರಗೆ ಹಗಲೆಂದರೆ ಊರಿನ ಎಂಟು ದಿನದಷ್ಟು ಉದ್ದ. ಅದೂ ಕಂದು ಮಂಜಿನೊಳಗಿನ ಮಬ್ಬು ಬೆಳಕು, ಸೋಸದ ಚಹಾದ ಬಣ್ಣದ್ದು. ತೂಕ ಊರಿನ ಏಳನೇ ಒಂದು ಪಾಲು. ಬಡಿಸುವಾಗ ಸೌಟು ಸ್ವಲ್ಪ ಜೋರಾಗಿ ಆಡಿಸಿದರೆ ಸಾರು ಎದ್ದು ಮುಖಕ್ಕೇ ಬರುತ್ತದೆ. ನಾವು ಹೊರಟು ನಿಂತ ದಿನ ಅತ್ತೆ ಹೊಂಬಾಳಮ್ಮ ಬೀದಿಯವರೆಲ್ಲ ಕೇಳುವ ಹಾಗೆ ಅಂದಿದ್ದರು: “ಶನಿ ಜನ್ರ ಹೆಗಲೇರೋದ ಕಂಡಿವ್ನಿ ಕನವ್ವ. ಶನಿದೇ ಹೆಗಲೇರಕ್ಕೆ ಹೊಂಟವರ ಇವತ್ತೇ ಕಂಡದ್ದು.” ಮದ್ದೂರಿನಲ್ಲಿ ಮುದ್ದೆ ಮೆಸ್ಸು ನಡೆಸುವವರು ಅವರು. ಅಡಿಗೆಯವರು, ಬಡಿಸುವವರು, ಉಣ್ಣಲು ಬಂದವರು, ಎಲ್ಲರೂ ನಕ್ಕರು. ನಕ್ಕ ಮೇಲೆ ಅವರೊಬ್ಬರೇ ಒಲೆಯ ಕಡೆಗೆ ತಿರುಗಿ ನಿಂತರು.

ಇಲ್ಲಿ ಹಬ್ಬಗಳು ಹೇಗೆಂದು ಹೇಳುತ್ತೇನೆ. ಮೊದಲ ಯುಗಾದಿಗೆ ಬೇವಿಲ್ಲದೆ ಔಷಧಿ ಪೆಟ್ಟಿಗೆಯ ಕಹಿ ಗುಳಿಗೆಯನ್ನು ಪುಡಿ ಮಾಡಿ ಬೆಲ್ಲಕ್ಕೆ ಬೆರೆಸಿದೆವು. ಇಬ್ಬರಿಗೂ ಎರಡು ದಿನ ಕೈ ನಡುಗಿತು, ದಾದಿ ಬೈದಳು. ದೀಪಾವಳಿಯಲ್ಲಿ ತಲೆಗೆ ಎಣ್ಣೆ ಒತ್ತಿ ಒದ್ದೆ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತೇವೆ, ನೀರು ಅಳತೆಯದು. ಗೌರಿ ಹಬ್ಬದ ದಿನ ಮನೆಗೆ ಯಾರಾದರೂ ಬರಬೇಕಲ್ಲ, ಮರಿಸ್ವಾಮಿ ಇಸ್ತ್ರಿ ಮಾಡಿದ ಅಂಗಿ ಹಾಕಿ ಹೊರಗೆ ಹೋಗುತ್ತಾರೆ, ಮನೆಸಾಲಿನ ಪಡಸಾಲೆಯ ತುದಿಯವರೆಗೆ ನಡೆದು, ತಿರುಗಿ ಬಂದು, ನನ್ನ ಅಣ್ಣನ ಹಾಗೆ ಕೆಮ್ಮಿ ಬಾಗಿಲು ತಟ್ಟುತ್ತಾರೆ. ನಾನು “ಯಾವ ಬಸ್ಸಿಗೆ ಬಂದೆ ಅಣ್ಣಾ?” ಅನ್ನುತ್ತೇನೆ. “ಸೀಟೇ ಸಿಗನಿಲ್ಲ ಕನವ್ವ, ನಿಂತ್ಕೊಂಡೇ ಬಂದೆ” ಅನ್ನುತ್ತಾರೆ. ಮೊದಲೆರಡು ವರ್ಷ ಇದಕ್ಕೆ ತುಂಬ ನಗುತ್ತಿದ್ದೆವು.

ಬೆಂಕಿಗೆ ಇಲ್ಲಿ ಅಪ್ಪಣೆ ಬೇಕು. ಉಸಿರಾಡುವ ಗಾಳಿ ಎಲ್ಲರಿಗೂ ಸೇರಿದ್ದು, ಹಾಗಾಗಿ ಮನೆಗೆ ವರ್ಷಕ್ಕೊಂದೇ ಬೆಂಕಿಚೀಟಿ, ಒಂಬತ್ತು ನಿಮಿಷದ್ದು. ಹೆಚ್ಚಿನವರು ಅದನ್ನು ದೀಪಾವಳಿಗೆ ಇಟ್ಟುಕೊಳ್ಳುತ್ತಾರೆ. ಮರಿಸ್ವಾಮಿ ಮಾತ್ರ ಹಿರಿಯರ ಹಬ್ಬಕ್ಕೇ ಬೇಕೆನ್ನುತ್ತಾರೆ. ಅವರ ಮನೆಯಲ್ಲಿ ಈ ಅಮಾವಾಸ್ಯೆಯಂದು ತೀರಿಕೊಂಡವರಿಗೆ ಒಬ್ಬೊಬ್ಬರಿಗೂ ಒಂದೊಂದು ಎಲೆ ಹಾಕಿ, ಅವರಿಗೆ ಇಷ್ಟವಾದದ್ದನ್ನು ಬಡಿಸಿ, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತಾರೆ. ಹಿರಿಯರು ಬಂದು ಉಣ್ಣಬೇಕು. ಒಳಗೆ ಇಣುಕಬಾರದು. ಕೊನೆಗೆ ಮೂರು ಸಲ ಬಾಗಿಲು ತಟ್ಟಿ, ಅವರು ಏಳಲು ಹೊತ್ತು ಕೊಟ್ಟು, ಆಮೇಲೆ ಒಳಗೆ ಹೋಗಬೇಕು. ಬದುಕಿರುವವರಿಗೆ ಎಲೆ ಹಾಕುವಂತಿಲ್ಲ. ಹಾಕಿದರೆ ಅವರನ್ನು ಕರೆದು ಆ ಸಾಲಿನಲ್ಲಿ ಕೂರಿಸಿದ ಹಾಗೆ.

ಇನ್ನು ಮಾತಿನ ಪಾಳಿಯ ವಿಷಯ ಹೇಳಬೇಕು. ಊರಿನ ಮಾತು ಇಲ್ಲಿಗೆ ಮುಟ್ಟಲು ಒಂದೂವರೆ ಗಂಟೆ ಸಾಕು. ಆದರೆ ದಾರಿ ಇಕ್ಕಟ್ಟು. ಹಡಗು, ಹವೆ, ಯಂತ್ರಗಳ ಸುದ್ದಿ ಹೋದ ಮೇಲೆ ಮನೆಮಾತಿಗೆ ಸರದಿ. ಸರದಿ ಬೆಳೆದು ಬೆಳೆದು ಈಗ ಹದಿನಾಲ್ಕು ತಿಂಗಳಾಗಿದೆ. ಸಾವಿನ ಸುದ್ದಿಗೆ ಮೊದಲು ಬೇರೆ ದಾರಿ ಬಿಟ್ಟಿದ್ದರು. ಮಗುವಿಗೆ ಹಲ್ಲು ಬಂದದ್ದನ್ನೂ ಜನ ಸಾವಿನ ಸುದ್ದಿಯೆಂದೇ ಕಳಿಸತೊಡಗಿದರು, ಆ ದಾರಿ ಮುಚ್ಚಿತು. ಹೀಗಾಗಿ ನಮ್ಮ ಪಾಲಿಗೆ ಊರೆಂದರೆ ಹದಿನಾಲ್ಕು ತಿಂಗಳು ಹಿಂದಿನ ಊರು.

ಮೂರು ವಾರದ ಹಿಂದೆ ನಾದಿನಿಯ ಮಾತು ಬಂತು. ಅವ್ವನ ಹೊಟ್ಟೆಯಲ್ಲಿ ಗೆಡ್ಡೆ, ನಾಳೆ ಕೊಯ್ಯುತ್ತಾರೆ, ಡಾಕ್ಟರು ಏನೂ ಹೇಳುವ ಹಾಗಿಲ್ಲ ಅಂದಿದ್ದಾರೆ. ಅಷ್ಟೇ. ಮುಂದಿನ ಮಾತು ಸರದಿಯಲ್ಲಿ ಎಲ್ಲೋ ಇತ್ತು. ಆ ‘ನಾಳೆ’ ಊರಿನಲ್ಲಿ ಆಗಲೇ ಮುಗಿದು ವರ್ಷದ ಮೇಲಾಗಿತ್ತು.

ಇವತ್ತು ಅಡಿಗೆಯಾದ ಮೇಲೆ ಮರಿಸ್ವಾಮಿ ಎಲೆ ಹಾಸಿದರು. ಬಾಳೆ ಇಲ್ಲಿಲ್ಲ. ತೊಟ್ಟಿಯಲ್ಲಿ ಬೆಳೆದ ಸೊಪ್ಪಿನ ನಾರನ್ನು ಒತ್ತಿ ಮಾಡಿದ ಹಾಳೆಯನ್ನೇ ಎಲೆ ಅನ್ನುತ್ತೇವೆ. ಅವರ ತಾತನಿಗೊಂದು, ಅಜ್ಜಿಗೊಂದು, ಅಪ್ಪನಿಗೊಂದು. ಅಪ್ಪನ ಎಲೆಯ ಪಕ್ಕ ಬೀಡಿ ಇಟ್ಟರು. ಅದನ್ನು ಹೊತ್ತಿಸಲು ಚೀಟಿಯಲ್ಲಿ ಅವಕಾಶವಿಲ್ಲವೆಂದು ನೆನಪಿಸಿದೆ. “ಅಪ್ಪ ಕಡ್ಡಿಪೆಟ್ಗೆ ತತ್ತಾನೆ ಬುಡು” ಅಂದರು. ಆಮೇಲೆ ನನ್ನ ಮುಖ ನೋಡದೆ ನಾಲ್ಕನೆಯ ಎಲೆ ಹಾಸಿದರು.

“ಇದು ಯಾರಿಗ್ರೀ?” ಅಂದೆ. ಗೊತ್ತಿದ್ದೇ ಕೇಳಿದೆ.

“ಬಡಿಸು ವಾರಿ.”

“ಇರೋರಿಗೆ ಯಾರಾದ್ರೂ ಎಲೆ ಹಾಕ್ತಾರಾ? ಅತ್ತೆ ಈಗ ಮೆಸ್ಸಲ್ಲಿ ಯಾರಿಗೋ ಬೈತಾ ನಿಂತಿರ್ತಾರೆ. ತೆಗೀರಿ ಅದನ್ನ.”

“ಇದ್ರೆ ಇರ್ಲಿ, ನೂರ್ ವರ್ಸ ಇರ್ಲಿ. ಇಲ್ದೋದ್ರೆ?” ಅವರ ದನಿ ಏರಲಿಲ್ಲ. “ಇಲ್ದೋದ್ರೆ ಹೋದ್ವರ್ಸದ ಎಲೆ ಆಗ್ಲೇ ತಪ್ಪೋಗದೆ. ಎಲ್ರೂ ಎಲೆ ಮುಂದೆ ಕೂತಿರ್ತಾರೆ. ಅವ್ವ ಒಬ್ಳೇ ಬಾಗ್ಲತ್ರ ನಿಂತಿರ್ತಾಳೆ, ಊರ್ಗೆಲ್ಲ ಬಡಿಸ್ದೋಳು.”

ಮಾತಿನಲ್ಲಿ ಸೋತಾಗ ಕೈಗೆ ಕೆಲಸ ಕೊಡುವುದು ನನ್ನ ಅಭ್ಯಾಸ. ನಾಲ್ಕೂ ಎಲೆಗೆ ಮುದ್ದೆ ಇಟ್ಟೆ, ಕೋಳಿಸಾರು ಬಿಟ್ಟೆ, ವಡೆ ಹಾಕಿದೆ. ಕೆಂಡಕ್ಕೆ ಧೂಪ ಹಾಕಿ ಹೊರಗೆ ಬಂದು ಬಾಗಿಲು ಎಳೆದುಕೊಂಡೆವು.

ಪಡಸಾಲೆಯಲ್ಲಿ ಗಂಗವ್ವಕ್ಕ ಗಡಿಯಾರ ಹಿಡಿದು ಕೂತಿದ್ದಳು. ವಿಜಯಪುರದ ಕಡೆಯವಳು, ನಮ್ಮ ಸಾಲಿನ ಬೆಂಕಿ ಕಾಯುವ ಕೆಲಸ ಅವಳದು. “ಏನ್ ತಂಗಿ, ಒಂಬತ್ತ ನಿಮಿಷದಾಗ ಊಟ ಮುಗಸ್ತಾರ ನಿಮ್ಮ ಹಿರ್ಯಾರು? ಲಗೂನ ಉಣ್ಣಾಕ ಹೇಳ. ಒಂದ ಸೆಕೆಂಡ ಹೆಚ್ಚಾತಂದ್ರ ನನ್ನ ನೌಕರಿ ಹೊಕ್ಕೈತಿ” ಅಂದಳು. ನಾವು ನಗಲಿಲ್ಲ. ಅವಳು ಗಡಿಯಾರದ ಕಡೆಗೆ ತಿರುಗಿದಳು.

ಆರನೆಯ ನಿಮಿಷವಿರಬೇಕು, ಮರಿಸ್ವಾಮಿಯ ಜೇಬು ಸದ್ದು ಮಾಡಿತು. ಮನೆಮಾತು ಬಂದಿತ್ತು. ಅವರು ತೆಗೆದು ಕೈಯಲ್ಲಿ ಹಿಡಿದುಕೊಂಡರೇ ಹೊರತು ಒತ್ತಲಿಲ್ಲ. ಕೊನೆಗೆ ನಾನೇ ಒತ್ತಿದೆ.

“ಏನ್ಲಾ ಮರಿ, ಸತ್ತೋದ್ಲು ಅನ್ಕಂಡ್ಯಾ?” ಹೊಂಬಾಳಮ್ಮನ ದನಿ, ಸ್ವಲ್ಪ ಸಣ್ಣಗಾಗಿತ್ತು. “ಇವ್ನಿ ಕನ್ಲಾ. ಡಾಕುಟ್ರು ಹೊಟ್ಟೆ ಕುಯ್ದು ಗೋಣಿಚೀಲ ಹೊಲ್ದಂಗೆ ಹೊಲ್ದವ್ರೆ. ಇಪ್ಪತ್ತು ದಿನ ಬರೀ ಗ್ಲೂಕೋಸು ಹಾಕಿ ನೆನ್ನೆ ಗಂಜಿ ಕೊಟ್ರು. ಅದೂ ಒಂದು ಊಟವಾ? ಇವತ್ತು ಕದ್ದು ಅರ್ಧ ಮುದ್ದೆ ಉಂಡೆ. ವಾರಿಜಾ, ಅವನು ಅಳ್ತಾ ಇದ್ರೆ ಒಂದು ಬುಡವ್ವ ಬೆನ್ನಿಗೆ.”

ಮರಿಸ್ವಾಮಿ ಗೋಡೆಗೆ ಒರಗಿ ಜಾರಿ ಕೂತರು. ನಗುತ್ತಿದ್ದರೋ ಅಳುತ್ತಿದ್ದರೋ ಹೇಳುವ ಹಾಗಿರಲಿಲ್ಲ. “ಗಟ್ಟಿ ಮುದುಕಿ ಐತಿ ನೋಡ” ಅಂದಳು ಗಂಗವ್ವಕ್ಕ, ಅವಳ ಕಣ್ಣೂ ತುಂಬಿತ್ತು. ನನಗೆ ಮಾತ್ರ ಆ ದನಿ ಹದಿನಾಲ್ಕು ತಿಂಗಳು ಹಳೆಯದೆಂಬುದು ನೆನಪಿನಿಂದ ಕದಲಲಿಲ್ಲ. ಈ ದನಿ ಹೊರಗಿತ್ತು, ಅವರ ಎಲೆ ಒಳಗಿತ್ತು. ನಡುವೆ ಒಂದು ಬಾಗಿಲು.

ಅಷ್ಟರಲ್ಲಿ ಮರಿಸ್ವಾಮಿಗೆ ಹೊಳೆಯಿತು. ನನ್ನ ಕೈ ಹಿಡಿದು, “ಎಲೆ! ತೆಗ್ದುಬುಡು ವಾರಿ. ಮೊದ್ಲು ಹೋಗಿ ಆ ಎಲೆ ತೆಗಿ. ನನ್ನ ಕೈಲಿ ನೋಡಕಾಗಕಿಲ್ಲ” ಅಂದರು.

ಆ ಗಾಬರಿಯಲ್ಲಿ ನಾನು ಬಾಗಿಲು ತಟ್ಟಲಿಲ್ಲ. ಹಾಗೇ ತಳ್ಳಿಕೊಂಡು ಒಳಗೆ ಹೋದೆ.

ಧೂಪದ ಹೊಗೆ ಇಲ್ಲಿ ಬೇಗ ಮೇಲಕ್ಕೇರುವುದಿಲ್ಲ, ಸೊಂಟದೆತ್ತರಕ್ಕೆ ನಿಂತಿರುತ್ತದೆ. ಅದನ್ನು ಸರಿಸಿಕೊಂಡು ನಾಲ್ಕನೆಯ ಎಲೆಯ ಹತ್ತಿರ ಕೂತೆ. ಉಳಿದ ಮೂರು ಎಲೆ ಬಡಿಸಿದ ಹಾಗೇ ಇದ್ದವು. ಇದರ ಮುದ್ದೆಯ ನೆತ್ತಿಯಲ್ಲಿ ಒಂದು ತುತ್ತಿನಷ್ಟು ಮುರಿದಿತ್ತು. ಅಲ್ಲಿಂದ ಎಲೆಯ ಅಂಚಿನವರೆಗೆ ಸಾರಿನ ಮೂರು ಹನಿ.

ಅತ್ತೆ ಮುದ್ದೆಯನ್ನು ಮುರಿಯುವುದು ನೆತ್ತಿಯಿಂದಲೇ. ಎಲ್ಲರೂ ಪಕ್ಕದಿಂದ ಮುರಿದರೆ ಅವರದು ಹಾಗೆ. ಮದುವೆಯಾದ ಹೊಸದರಲ್ಲಿ ಅವರನ್ನು ನೋಡಿ ನೋಡಿ ನನಗೂ ಅದೇ ರೂಢಿಯಾಗಿದೆ. ಬೆಂದಿದೆಯೋ ಇಲ್ಲವೋ ಎಂದು ನೋಡಲು ನಾನೇ ಚಿವುಟಿದ್ದಿರಬಹುದು. ಬಡಿಸುವಾಗ ಮನಸ್ಸು ಸರಿಯಿರಲಿಲ್ಲ. ಚಿವುಟಿದ್ದರೆ ಬಾಯಿಗೆ ಹಾಕಿಕೊಂಡಿರಬೇಕಿತ್ತು. ಹಾಕಿಕೊಂಡ ನೆನಪಿಲ್ಲ. ಹಾಕಿಕೊಳ್ಳಲಿಲ್ಲ ಎಂಬ ನೆನಪೂ ಇಲ್ಲ.

ಮರಿಸ್ವಾಮಿ ಬಂದು ನೋಡಬಾರದೆಂದು ಆ ಮುದ್ದೆಯನ್ನು ಅಲ್ಲೇ ಕೂತು ನುಂಗಿದೆ, ಪೂರ್ತಿ. ಈ ಚಂದ್ರನ ಮೇಲೆ ತುತ್ತು ಗಂಟಲಿನಲ್ಲಿ ನಿಧಾನ ಇಳಿಯುತ್ತದೆ. ಕೆಂಡದ ಮೇಲೆ ಮುಚ್ಚಳ ಹಾಕಿ, ಎಲೆಯನ್ನು ಮಡಿಸಿ ಸೆರಗಿನಲ್ಲಿ ಮುಚ್ಚಿಕೊಂಡು ಹೊರಗೆ ಬಂದು “ತೆಗೆದೆ ರೀ” ಅಂದೆ. ಗಂಗವ್ವಕ್ಕ ಬೆಂಕಿ ಆರಿತೆಂದು ಬರೆದುಕೊಂಡಳು. ಮರಿಸ್ವಾಮಿ ಆಗಲೇ ಉತ್ತರದ ಮಾತು ತುಂಬಿಸತೊಡಗಿದ್ದರು: “ಅವ್ವಾ, ಊಟ ಆಯ್ತೇನವ್ವಾ?” ನನ್ನನ್ನೂ ಮಾತಾಡು ಎಂದು ಸನ್ನೆ ಮಾಡಿದರು. ನಾನು ತಲೆ ಅಲ್ಲಾಡಿಸಿದೆ. ಇವಳಿಗೆ ಯಾವಾಗಲೂ ನಾಚಿಕೆ ಎಂದು ಅವ್ವನಿಗೆ ಹೇಳಿ ನಕ್ಕರು.

ಈಗ ಅವರು ನಿದ್ದೆ ಹೋಗಿದ್ದಾರೆ. ಮೂರು ವಾರದಲ್ಲಿ ಇಷ್ಟು ನೆಮ್ಮದಿಯ ನಿದ್ದೆ ಮಾಡಿರಲಿಲ್ಲ. ಹೊರಗಿನ ಹಗಲು ಇನ್ನೂ ನಾಲ್ಕು ದಿನ ಉಳಿದಿದೆ. ನಾನು ಕಂಡದ್ದನ್ನು ಅವರಿಗೆ ಹೇಳಲಾರೆ, ಗಂಗವ್ವಕ್ಕನಿಗೂ ಹೇಳಲಾರೆ. ಇಂದು ಊರಿನಲ್ಲಿ ಏನಿದೆಯೋ ಅದು ನನಗೆ ಗೊತ್ತಾಗುವುದು ಇನ್ನು ಹದಿನಾಲ್ಕು ತಿಂಗಳಿಗೆ. ಅಲ್ಲಿಯವರೆಗೆ ಅತ್ತೆಯ ಒಂದೊಂದು ಮಾತು ಬಂದಾಗಲೂ ಅವರು ನಗುತ್ತಾರೆ, ನಾನೂ ಜೊತೆಗೆ ನಗಬೇಕು.

ನಿಮಗೇ ಏಕೆ ಬರೆದೆನೆಂದು ಕೇಳುತ್ತೀರಿ. ನೀವು ಇದನ್ನು ಓದುವಾಗ ಬದುಕಿದ್ದೀರಿ, ಬಲ್ಲೆ. ಆದರೆ ನಾನು ಇದನ್ನು ಬರೆಯುವ ಹೊತ್ತಿಗೆ ನೀವು ನಮ್ಮ ಹಿರಿಯರಾಗಿದ್ದೀರಿ. ತಾತ ಅಜ್ಜಿಯರ ಹಿಂದೆ ನಿಂತು ನೀವೂ ಇವತ್ತು ಆ ಕೋಣೆಯೊಳಗೆ ಬಂದಿರಬೇಕು. ಬಾಗಿಲು ತಟ್ಟದೆ ನುಗ್ಗಿ ನಿಮ್ಮನ್ನು ಊಟದ ನಡುವೆ ಎಬ್ಬಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಆದರೆ ನಾನು ಕಾಣದ ಆರು ನಿಮಿಷವನ್ನು ನೀವು ಕಂಡಿದ್ದೀರಿ.

ನಾಲ್ಕನೆಯ ಎಲೆಯ ಮುಂದೆ ಯಾರೂ ಇರಲಿಲ್ಲವಾದರೆ, ಹೇಗಾದರೂ ಸರಿ, ನನಗೊಂದು ಮಾತು ಮುಟ್ಟಿಸಿ. ಹೊಟ್ಟೆಯ ಮೇಲೆ ಹೊಲಿಗೆಯಿರುವ, ದೊಡ್ಡ ದನಿಯ ಹೆಂಗಸೊಬ್ಬಳು ಕೂತಿದ್ದಳಾದರೆ ನನಗೆ ಹೇಳಬೇಡಿ. ಅವರನ್ನು ನಿಮ್ಮ ಜೊತೆ ಕರೆದುಕೊಂಡು ಹೋಗಿ ಊಟಕ್ಕಿಡಿ. ಅವರ ಮುದ್ದೆಯನ್ನು ನಾನು ಉಂಡುಬಿಟ್ಟೆ, ಒಂದು ತುತ್ತಿಗೆ ಏಳುವವರಲ್ಲ ಅವರು.