ಪಂಕ್ತಿಗೆ ಕೂರದ ವೈನಿಗೆ

ವೈನಿ, ಶಿರಸಿಯಿಂದ ನಿಮ್ಮ ಗಂಗಾಂಬಿಕಾಳ ಶರಣು.

ಫೋನಿನಲ್ಲಿ ನಿಮ್ಮ ಜೊತೆ ವಾದ ಮಾಡಿ ಗೆದ್ದವರಿಲ್ಲ ಎಂದು ಈ ಕಾಗದ. ನಾನು ವಿಷಯಕ್ಕೆ ಬರುವ ಹೊತ್ತಿಗೆ ಸರಿಯಾಗಿ ನೀವು "ಇರ್ಲಿ ಬಿಡ ಗಂಗಾ, ಹಾಲು ಉಕ್ಕಾಕತ್ತೈತಿ" ಎಂದು ಇಟ್ಟುಬಿಡುತ್ತೀರಿ. ಒಂದು ತಿಂಗಳಿಂದ ನಿಮ್ಮ ಒಲೆಯ ಮೇಲೆ ಉಕ್ಕುತ್ತಿರುವ ಹಾಲಿನ ಲೆಕ್ಕ ಹಾಕಿದರೆ ಅಣ್ಣ ಇನ್ನೂ ನಾಲ್ಕು ಎಮ್ಮೆ ಕಟ್ಟಿರಬೇಕು. ಕಾಗದದ ಬಾಯಿ ಹಾಗೆ ಮುಚ್ಚಲು ಬರುವುದಿಲ್ಲ. ದೇವರ ಮಾಡದಲ್ಲಿ ಇಟ್ಟು ಮರೆತರೂ ದೀಪ ಹಚ್ಚುವಾಗ ಮತ್ತೆ ಕೈಗೆ ಸಿಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಇವತ್ತು ನಮ್ಮ ಸಂಘದ ವಾರ್ಷಿಕ ಸಭೆ ಇತ್ತು. ಕಾರ್ಯದರ್ಶಿ ನಾನೇ, ಹಾಗಾಗಿ ವರದಿ ಓದಿದ್ದೂ ನಾನೇ. ಈ ಸಂಘದ ಸುದ್ದಿ ಮೊದಲ ಸಲ ಹೇಳಿದಾಗ ನೀವು ಸೆರಗು ಬಾಯಿಗೆ ಹಿಡಿದು ನಕ್ಕಿದ್ದಿರಿ. "ಹೊಟ್ಟಿ ಓಡ್ಯಾಡೂದಕ್ಕೂ ಡಾಕ್ಟರ್‌ಗೋಳು ಸಂಘ ಕಟ್ಯಾರೇನ?" ಎಂದು ಕೇಳಿದ್ದಿರಿ. ಕಟ್ಟಿದ್ದೇವೆ ವೈನಿ. ನುಂಗಿದ ತುತ್ತು ತಾನಾಗಿ ಕೆಳಗೆ ಬೀಳುವುದಿಲ್ಲ. ಅನ್ನನಾಳ, ಹೊಟ್ಟೆ, ಕರುಳು ಒಂದಾದ ಮೇಲೊಂದು ಹಿಂಡಿ ಹಿಂಡಿ ಅದನ್ನು ಮುಂದಕ್ಕೆ ಕಳಿಸಬೇಕು. ಆ ಹಿಂಡುವಿಕೆ ಎಲ್ಲಿ ತಪ್ಪಿತು, ಅದನ್ನು ಪತ್ತೆ ಮಾಡುವುದು ಹೇಗೆ, ಸರಿಪಡಿಸುವುದು ಹೇಗೆ ಎಂದು ಕಲಿಯುವ ಮತ್ತು ಕಲಿಸುವ ವೈದ್ಯರ ಕೂಟ ನಮ್ಮದು. ಶಿರಸಿ, ಸಿದ್ದಾಪುರ, ಯಲ್ಲಾಪುರದವರು ಸೇರಿ ಶುರು ಮಾಡಿದಾಗ ಚರ್ಚೆಗಿಂತ ಚಹಾ ಜಾಸ್ತಿ ಆಗುತ್ತಿತ್ತು. ಈ ವರ್ಷ ಹಾಗಿರಲಿಲ್ಲ, ಅದನ್ನು ಎದೆ ತಟ್ಟಿ ಹೇಳುತ್ತೇನೆ.

ಅನ್ನನಾಳದ ಒತ್ತಡ ಅಳೆಯುವ ಯಂತ್ರ ಈಗ ಶಿರಸಿಯಲ್ಲೇ ಇದೆ. ಮೊದಲು ಇದಕ್ಕಾಗಿ ಹುಬ್ಬಳ್ಳಿಯ ದಾರಿ ಹಿಡಿಯಬೇಕಿತ್ತು, ಅರ್ಧ ಜನ ಹೋಗುತ್ತಲೇ ಇರಲಿಲ್ಲ. ಮೂರೂ ತಾಲೂಕಿನಲ್ಲಿ ಆಶಾ ಕಾರ್ಯಕರ್ತೆಯರಿಗೆ, ನರ್ಸುಗಳಿಗೆ, ಹಳ್ಳಿಯ ದವಾಖಾನೆ ನಡೆಸುವ ವೈದ್ಯರಿಗೆ ತರಗತಿ ಮಾಡಿದೆವು. ನುಂಗಲು ಕಷ್ಟ ಎಂದು ಬಂದವರ ಹಳೇ ಚೀಟಿಗಳನ್ನೆಲ್ಲ ಕೂಡಿಸಿ ನೋಡಿದೆವು. ಬಹಳ ಜನ ವರ್ಷಗಟ್ಟಲೆ ಗ್ಯಾಸಿನ ಮಾತ್ರೆ ತಿಂದವರು. ಕೆಲವರಿಗೆ ಮನಸ್ಸಿನ ಕಾಯಿಲೆ ಎಂದು ಹೇಳಿ ಕಳಿಸಿದ್ದರು, ಕೆಲವರಿಗೆ ದೃಷ್ಟಿ ತೆಗೆಸಿದ್ದರು. ಯಾಕಿಷ್ಟು ತಡವಾಗುತ್ತದೆ ಎಂಬುದೇ ನಮ್ಮ ಈ ವರ್ಷದ ಅಧ್ಯಯನವಾಯಿತು. ಅದಕ್ಕೆ ಉತ್ತರ ಸಿಕ್ಕಿದ್ದು ವಜ್ರಳ್ಳಿಯಲ್ಲಿ.

ಅಲ್ಲಿನ ತರಗತಿ ಮುಗಿಯುವ ಹೊತ್ತಿಗೆ ನಾಗಿ ಎಂಬ ಹೆಂಗಸನ್ನು ಅವಳ ಮಗಳು ಕೈ ಹಿಡಿದು ಕರೆತಂದಳು. ಸೊರಗಿ ಕಡ್ಡಿಯಾಗಿದ್ದಳು. ಯಲ್ಲಾಪುರದ ನಮ್ಮ ಡಾಕ್ಟರ್ ವಿನೋದ ಪುಸ್ತಕದ ಪ್ರಶ್ನೆಗಳನ್ನೆಲ್ಲ ಕೇಳಿದರು. ಎದೆಯುರಿ ಉಂಟಾ, ಹುಳಿತೇಗು ಉಂಟಾ. ಎಲ್ಲದಕ್ಕೂ ಅವಳು ಒಂದೇ ರೀತಿ ತಲೆಯಾಡಿಸಿದಳು. ಕೊನೆಗೆ ಬೇಸತ್ತವಳ ಹಾಗೆ, "ಉಂಬುದು ಉಂಬುದೇ. ಪಂಕ್ತಿಗೆ ಮಾತ್ರ ಕೂರೂದಿಲ್ಲೆ. ನಂದು ಮುಗಿಯೂ ತಂಕ ಎಲ್ಲಾರೂ ಕೈ ಒಣಗಿಸ್ಕಂಡು ಕಾಯ್ಬೇಕಲ, ಅದ್ಕೇ ಬಡಿಸೂಕೆ ನಿಂತ್ಕಂತೆ" ಎಂದಳು. ವಿನೋದ ಪುಸ್ತಕ ಮುಚ್ಚಿ ಅವಳ ಹೆಸರನ್ನು ಪರೀಕ್ಷೆಗೆ ಬರೆದುಕೊಂಡರು.

ನಮ್ಮ ಸೀಮೆಯಲ್ಲಿ ಯಾರ ಮನೆಯ ಊಟವಾದರೂ ಕೊನೆಯವರದು ಮುಗಿಯದೆ ಪಂಕ್ತಿ ಏಳುವಂತಿಲ್ಲ. ನಡುವೆ ಎದ್ದರೆ ಅನ್ನಕ್ಕೂ ಅವಮಾನ, ಪಕ್ಕದವರಿಗೂ ಅವಮಾನ. ಒಳ್ಳೆಯ ಪದ್ಧತಿಯೇ. ಆದರೆ ತುತ್ತು ಇಳಿಯದವರಿಗೆ ಅಲ್ಲಿ ಕೂರುವುದೆಂದರೆ ಊರೆಲ್ಲ ತಮ್ಮ ಎಲೆಯನ್ನೇ ನೋಡುತ್ತಿದ್ದಂತೆ. ಅವರು ಮೆಲ್ಲಗೆ ಜಾರಿಕೊಳ್ಳುತ್ತಾರೆ, ಯಾರಿಗೂ ಗೊತ್ತಾಗುವುದಿಲ್ಲ. ಅಂದಿನಿಂದ ನಮ್ಮ ತರಗತಿಗಳಲ್ಲಿ ಒಂದು ಪ್ರಶ್ನೆ ಸೇರಿತು: ನೀವು ಪಂಕ್ತಿಯಲ್ಲಿ ಎಲ್ಲರ ಜೊತೆ ಕೂತು, ಎಲ್ಲರ ಜೊತೆ ಏಳುತ್ತೀರಾ? ಕೇಳತೊಡಗಿದ ಮೇಲೆ ಒಬ್ಬೊಬ್ಬರೇ ಹೊರಬಂದರು. ಹಬ್ಬದ ದಿನವೇ ಉಪವಾಸ ಹಿಡಿಯುವ ಅಜ್ಜಿ ಬಂದಳು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಬೈಕಿಗೆ ಪೆಟ್ರೋಲು ಹಾಕಿಸುವುದು ನೆನಪಾಗುವ ಗಂಡಸು ಬಂದ. ಎಲ್ಲರಿಗೂ ಒಂದೇ ಕಾಯಿಲೆ ಇರಲಿಲ್ಲ, ಆದರೆ ಪರೀಕ್ಷೆಗೆ ಬೇಗ ಬಂದರು. ಹುಬ್ಬಳ್ಳಿಯ ಸಮ್ಮೇಳನದಲ್ಲಿ ಇದನ್ನು ಮಂಡಿಸಿದಾಗ ದೊಡ್ಡ ಊರಿನ ವೈದ್ಯರೊಬ್ಬರು ಎದ್ದು, ಅನ್ನನಾಳಕ್ಕೂ ಪಂಕ್ತಿಗೂ ಏನು ಸಂಬಂಧ ಎಂದರು. ನೀವು ತಟ್ಟೆ ಹಿಡಿದು ನಿಂತು ಉಣ್ಣುವ ಊರಿನವರು ಸರ್, ನಿಮ್ಮಲ್ಲಿ ಈ ಕಾಯಿಲೆ ಬೇರೆಲ್ಲೋ ಅಡಗಿಕೊಂಡಿರುತ್ತದೆ, ಹುಡುಕಿ ಎಂದೆ. ಸಭೆ ನಕ್ಕಿತು, ಅವರೂ ನಕ್ಕರು.

ಇಷ್ಟೆಲ್ಲ ಹೆಮ್ಮೆಯಿಂದ ಹೇಳುತ್ತಿರುವವಳಿಗೆ ಕಾನಸೂರಿನ ತರಗತಿಯಲ್ಲಿ ಏನಾಯಿತು ಗೊತ್ತೇ? ಆ ಪ್ರಶ್ನೆಯನ್ನು ಹಲಗೆಯ ಮೇಲೆ ಬರೆದು ತಿರುಗಿದೆ, ಮುಂದೆ ಕೂತವರ ಮುಖ ಕಾಣಲಿಲ್ಲ. ನಿಮ್ಮ ಮುಖ ಕಂಡಿತು.

ಅವ್ವ ತೀರಿಕೊಂಡ ಮೇಲೆ ನನಗೆ ಜಡೆ ಹಾಕಿದವರು, ಶಾಲೆಗೆ ಕಳಿಸಿದವರು, ಡಾಕ್ಟರು ಓದಲೇಬೇಕು ಎಂದು ಶಿವಪುತ್ರಪ್ಪ ಅಣ್ಣನ ಎದುರು ಪಟ್ಟು ಹಿಡಿದವರು ನೀವು. ಆ ಮನೆಯಲ್ಲಿ ಇಷ್ಟು ವರ್ಷ ಬೆಳೆದೆ, ನೀವು ಕೂತು ಉಂಡಿದ್ದನ್ನು ನಾನು ನೋಡಿಲ್ಲ. ಊರಿನಲ್ಲಿ ಯಾರ ಮನೆಯ ಕಾರ್ಯವಾದರೂ ಅನ್ನದ ಬಕೆಟ್ಟು ನಿಮ್ಮ ಕೈಯಲ್ಲಿ. ಮಠದ ದಾಸೋಹದಲ್ಲಿ ಸೊಂಟಕ್ಕೆ ಸೆರಗು ಬಿಗಿದು ನಿಂತರೆ ಕೊನೆಯ ಪಂಕ್ತಿ ಏಳುವವರೆಗೆ ನಿಂತೇ ಇರುತ್ತಿದ್ದಿರಿ. ಪಾರ್ವತವ್ವ ಎಲ್ಲರನ್ನೂ ಉಣಿಸಿ ಆಮೇಲೆ ಉಣ್ಣುವಾಕಿ ಎಂದು ಸುತ್ತಲಿನ ಹಳ್ಳಿಯವರೆಲ್ಲ ಹೇಳುತ್ತಿದ್ದರು. ಮಠದಲ್ಲಿ ಶಾಲು ಹೊದಿಸಿದ ದಿನ ಅಣ್ಣ ಕಣ್ಣು ಒರೆಸಿಕೊಂಡ. ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲಿ ನೀವು ಗೋಡೆಗೆ ಆತು ನಿಂತು, ಒಂದು ತುತ್ತಿಗೆ ಒಂದು ಲೋಟ ನೀರು ಕುಡಿದು, ಕತ್ತು ನೀಳ ಮಾಡಿ, ಎರಡೂ ತೋಳು ಮೇಲೆತ್ತುತ್ತಿದ್ದಿರಿ. ನಿಮ್ಮ ರೂಢಿ ಅದು ಎಂದುಕೊಂಡಿದ್ದೆವು. ಮಲಗಿದರೆ ಕೆಮ್ಮು ಬರುತ್ತದೆ ಎಂದು ಮೂರು ದಿಂಬು ಇಟ್ಟುಕೊಳ್ಳುತ್ತಿದ್ದುದೂ ರೂಢಿ. ರವಿಕೆಗಳನ್ನು ಹಿಡಿಸಿ ಹೊಲಿಸಿಕೊಂಡಾಗ, ನೇಮ ನಿಷ್ಠೆಯ ದೇಹ ಹಾಗೇ ಇರುತ್ತದೆ ಎಂದರು. ಕಾಯಿಲೆಗೆ ನಾವೆಲ್ಲ ಸೇರಿ ಶಾಲು ಹೊದಿಸಿದ್ದೆವು ವೈನಿ. ಬೇರೆ ಊರಿನಲ್ಲಾಗಿದ್ದರೆ ಯಾರಾದರೂ ಎಂದೋ ಕೇಳುತ್ತಿದ್ದರು.

ಹೋದ ತಿಂಗಳು ನಿಮ್ಮ ಮಗ ಭರತನ ಮಗುವಿನ ತೊಟ್ಟಿಲ ಕಾರ್ಯದಲ್ಲಿ ನಿಮ್ಮ ಕೈಯಿಂದ ಬಕೆಟ್ಟು ಕಿತ್ತುಕೊಂಡು ನಿಮ್ಮನ್ನು ನನ್ನ ಪಕ್ಕ ಕೂರಿಸಿಕೊಂಡಿದ್ದು ಸುಮ್ಮನೆ ಪ್ರೀತಿಗಲ್ಲ. ನೋಡಬೇಕಿತ್ತು. ಹೋಳಿಗೆಯ ಎರಡು ಚೂರು ಒಳಗೆ ಹೋದವು. ಮೂರನೆಯದಕ್ಕೆ ನಿಮ್ಮ ಕಣ್ಣಲ್ಲಿ ನೀರು ತುಂಬಿತು, ಕೈ ಎದೆಗೆ ಹೋಯಿತು. ಸೊಸೆ ಶಿಲ್ಪಾ ಕರೆದಳು ಎಂದು ಸುಳ್ಳು ಹೇಳಿ ಹಿತ್ತಲಿಗೆ ಎದ್ದುಹೋದಿರಿ. ನಾನು ಹಿಂದೆಯೇ ಬಂದೆ. ಇದು ಕಾಯಿಲೆ, ಇದಕ್ಕೆ ಪರೀಕ್ಷೆ ಇದೆ, ಚಿಕಿತ್ಸೆ ಇದೆ ಎಂದೆ. ಆಗ ನೀವು ಬಾಯಿ ತೊಳೆದುಕೊಂಡು, ನನ್ನ ಕಡೆ ತಿರುಗದೆ ಹೇಳಿದ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಮಂದಿ ನನ್ನ ಸೇವಾಕ್ಕ ಕೈ ಮುಗದಾರ. ನುಂಗಾಕ ಬರ್ಲಾರ್ದಕ್ಕ ಬಡಿಸ್ಕೋತ ನಿಂತಿದ್ಲು ಅಂತ ಅನ್ನಿಸ್ಕೊಳ್ಳೂದಕ್ಕಿಂತ ನಾ ಹಿಂಗ ಇರ್ತೀನಿ ಬಿಡು."

ನಾನು ತಂಬಿಗೆ ಎತ್ತಿಕೊಂಡು ಒಳಗೆ ಬಂದೆ. ಆ ಮಾತಿಗೆ ನನ್ನ ಉತ್ತರ ಈಗ ಕೇಳಿ.

ಮೊದಲು ಕಾಯಿಲೆಯ ಮಾತು. ಅನ್ನನಾಳ ಹೊಟ್ಟೆಗೆ ಸೇರುವಲ್ಲಿ ಒಂದು ಬಿಗಿಯಾದ ಸ್ನಾಯು ಇದೆ, ನಮ್ಮ ಕೆರೆಯ ತೂಬಿನ ಹಾಗೆ. ತುತ್ತು ಬಂದಾಗ ಅದು ಸಡಿಲವಾಗಬೇಕು. ನಿಮ್ಮದು ಸಡಿಲವಾಗುತ್ತಿಲ್ಲ ಎಂದು ನನ್ನ ಅಂದಾಜು. ಪರೀಕ್ಷೆ ಮಾಡದೆ ಹೆಸರಿಡುವವಳಲ್ಲ ನಾನು, ಆದರೆ ನನ್ನ ಅಂದಾಜು ಸುಲಭಕ್ಕೆ ತಪ್ಪುವುದೂ ಇಲ್ಲ. ಇದು ಯಾರ ಪಾಪದಿಂದಲೂ ಬಂದಿದ್ದಲ್ಲ. ಹೀಗೇ ಬಿಟ್ಟರೆ ಅನ್ನನಾಳ ಜೋತುಬೀಳುತ್ತದೆ, ನಿಂತ ಅನ್ನ ಮಲಗಿದಾಗ ಪುಪ್ಪುಸಕ್ಕೆ ಇಳಿಯುತ್ತದೆ. ನಿಮ್ಮ ಕೆಮ್ಮು ಆ ದಾರಿಯಲ್ಲೇ ಇದೆ. ನಿಮ್ಮನ್ನು ಹೆದರಿಸಲು ಹೇಳುತ್ತಿಲ್ಲ, ನನಗೇ ಹೆದರಿಕೆಯಾಗಿದೆ. ನನಗೆ ಇನ್ನೊಬ್ಬ ಅವ್ವ ಇಲ್ಲ.

ಈಗ ಸೇವೆಯ ಮಾತು. ನಮ್ಮ ಪಂಕ್ತಿಯಲ್ಲಿ ನಿಧಾನಕ್ಕೆ ಉಣ್ಣುವ ಹಲ್ಲಿಲ್ಲದ ಮುದುಕರಿದ್ದರೆ, ಅನ್ನ ಕಲಸಲು ಬಾರದ ಮಗುವಿದ್ದರೆ ನೀವು ಏನು ಮಾಡುತ್ತಿದ್ದಿರಿ ಎಂದು ನಿಮಗೆ ನೆನಪಿಲ್ಲದಿರಬಹುದು, ನನಗಿದೆ. ಮಜ್ಜಿಗೆಯ ತಂಬಿಗೆ ಹಿಡಿದು ಮತ್ತೊಂದು ಸುತ್ತು ಹೊರಡುತ್ತಿದ್ದಿರಿ. ಬೇಡ ಅಂದವರಿಗೂ ಒಂದು ಹನಿ ಹಾಕುತ್ತಿದ್ದಿರಿ. ಊಟ ಮುಗಿಸಿದವರೆಲ್ಲ ಮತ್ತೆ ಎಲೆಯ ಕಡೆ ನೋಡುವಂತೆ ಮಾಡಿ ಆ ನಿಧಾನದವರಿಗೆ ಹೊತ್ತು ಕೊಡುತ್ತಿದ್ದಿರಿ. ಬೇರೆ ಯಾರೂ ಹಾಗೆ ಬಡಿಸಿದ್ದನ್ನು ನಾನು ಕಂಡಿಲ್ಲ. ಕಾಯಿಸುವವರ ಸಂಕಟ ಏನೆಂದು ಗೊತ್ತಿದ್ದರಿಂದಲೇ ಅದು ನಿಮಗೆ ಹೊಳೆಯಿತು. ನುಂಗಲಾಗದೆ ನಿಂತಿದ್ದೂ ನಿಜ, ಅಷ್ಟು ಮನಸ್ಸಿಟ್ಟು ಬಡಿಸಿದ್ದೂ ನಿಜ. ಒಂದು ಇನ್ನೊಂದನ್ನು ಸುಳ್ಳು ಮಾಡುವುದಿಲ್ಲ. ಮಂದಿ ಕೈ ಮುಗಿದದ್ದು ನೀವು ಉಪವಾಸ ಇದ್ದಿರಿ ಎಂದಲ್ಲ, ಅವರು ಉಂಡರು ಎಂದು.

ಪರೀಕ್ಷೆ ಹೇಗಿರುತ್ತದೆ ಎಂದೂ ಹೇಳಿಬಿಡುತ್ತೇನೆ, ನಿಮಗೆ ಮುಚ್ಚುಮರೆ ಆಗಿ ಬರುವುದಿಲ್ಲ. ಮೂಗಿನಿಂದ ಸಣ್ಣ ನಳಿಗೆ ಇಳಿಸುತ್ತೇವೆ. ಒಂದು ಗಳಿಗೆ ಓಕರಿಕೆ ಬಂದ ಹಾಗಾಗುತ್ತದೆ, ನನ್ನನ್ನು ಬೈದುಕೊಳ್ಳಬಹುದು. ಆಮೇಲೆ ಗುಟುಕು ಗುಟುಕಾಗಿ ನೀರು ಕುಡಿಸುತ್ತೇವೆ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ಪರದೆಯ ಮೇಲೆ ಬಣ್ಣಬಣ್ಣವಾಗಿ ಕಾಣುತ್ತದೆ. ನನ್ನ ಅಂದಾಜು ಸರಿಯಾಗಿದ್ದರೆ ಹುಬ್ಬಳ್ಳಿಯಲ್ಲಿ ಬಾಯಿಯ ಮೂಲಕವೇ ಆ ಸ್ನಾಯುವನ್ನು ಸಡಿಲ ಮಾಡುತ್ತಾರೆ, ಹೊಟ್ಟೆ ಕೊಯ್ಯುವುದಿಲ್ಲ. ಅನ್ನನಾಳ ಮೊದಲಿನಂತೆ ಹಿಂಡುವುದಿಲ್ಲ, ಆಗಾಗ ತೋರಿಸಿಕೊಳ್ಳುತ್ತಿರಬೇಕು. ಆದರೆ ತುತ್ತು ಇಳಿಯುತ್ತದೆ. ನಾಗಿಗೆ ಇಳಿಯುತ್ತಿದೆ, ಮೈಕೈ ತುಂಬಿಕೊಂಡಿದ್ದಾಳೆ, ಮಗಳ ಜೊತೆ ಜಗಳವಾಡುವಷ್ಟು ಗಟ್ಟಿಯಾಗಿದ್ದಾಳೆ.

ಇಲ್ಲಿಗೆ ಬರೆದು ಇನ್ನೂ ಒಂದಿಷ್ಟು ವಾದ ಹೂಡೋಣ ಎಂದು ಪೆನ್ನು ಊರಿದ್ದೆ. ಅಷ್ಟರಲ್ಲಿ ಶಿಲ್ಪಾಳ ಫೋನು ಬಂತು.

ಆಚೆಮನೆ ಮಮತಾ ಮಧ್ಯಾಹ್ನ ನಿಮ್ಮ ಹತ್ತಿರ ಬಂದಿದ್ದಳಂತೆ. ತನ್ನ ಅತ್ತೆಯೂ ಪಂಕ್ತಿಗೆ ಕೂರುತ್ತಿಲ್ಲ, ಆಶಾ ಕಾರ್ಯಕರ್ತೆ ಶಿರಸಿಗೆ ಹೋಗಿ ಎನ್ನುತ್ತಿದ್ದಾಳೆ, ಮುದುಕಿ ಒಪ್ಪುತ್ತಿಲ್ಲ, ನೀವೇ ಬುದ್ಧಿ ಹೇಳಬೇಕು ಎಂದಳಂತೆ. ಅದಕ್ಕೆ ನೀವು, "ಹೆದರಬ್ಯಾಡ ಅಂತ ಹೇಳು, ಅಕಿ ಜೋಡಿ ನಾ ಹೊಕ್ಕೀನಿ. ಅಕಿಗೆ ಮಾಡೂ ಮೊದಲ ನಂಗ ಮಾಡ್ಲಿ, ಅಕಿ ನೋಡ್ಲಿ" ಎಂದಿರಂತೆ. ಶಿಲ್ಪಾ ಅಳುತ್ತಾ ಹೇಳಿದಳು. ನಾನು ಡಾಕ್ಟರ ದನಿಯಲ್ಲಿ, ಒಳ್ಳೆಯದಾಯಿತು ಎಂದಷ್ಟೇ ಅಂದೆ. ಫೋನು ಇಟ್ಟ ಮೇಲೆ ಈ ಕಾಗದ ಹರಿದುಬಿಡೋಣ ಅನ್ನಿಸಿತು. ನನ್ನ ಇಷ್ಟುದ್ದದ ವಾದ ಯಾವ ಕೆಲಸಕ್ಕೂ ಬರಲಿಲ್ಲ, ನಿಮಗೆ ಬೇಕಾಗಿದ್ದು ಕೈ ಹಿಡಿದು ಕರೆದೊಯ್ಯಲು ಇನ್ನೊಬ್ಬರು. ಆದರೂ ಹರಿಯುವುದಿಲ್ಲ. ಸೇವೆಯ ಬಗ್ಗೆ ಬರೆದದ್ದು ನಿಮಗೆ ಮುಟ್ಟಬೇಕು.

ಗುರುವಾರ ಇಬ್ಬರ ಹೆಸರೂ ಬರೆಸಿದ್ದೇನೆ, ನಿಮ್ಮದು ಮೊದಲು. ಭರತನ ಕಾರಿನಲ್ಲಿ ಬೆಳಿಗ್ಗೆಯೇ ಹೊರಡಿ, ಇಬ್ಬರೂ ಖಾಲಿ ಹೊಟ್ಟೆಯಲ್ಲಿ ಬನ್ನಿ. ನಳಿಗೆ ಹಾಕುವಾಗ ಕೊರಳ ಲಿಂಗ ತೆಗೆಯಬೇಕಾಗುತ್ತದೇನೋ ಎಂದು ಮಮತಾಳ ಅತ್ತೆ ಹೆದರಿದ್ದಾರೆ, ಡಾಕ್ಟರನ್ನು ಕೇಳಿ ಹೇಳು ಎಂದು ನೀವು ಶಿಲ್ಪಾಳಿಗೆ ಎರಡೆರಡು ಸಲ ಹೇಳಿದಿರಂತೆ. ಅವರಿಗೆ ಹೇಳಿ, ತೆಗೆಯಬೇಕಾಗಿಲ್ಲ, ಕೊರಳಲ್ಲೇ ಇರಲಿ.

ನಿಮ್ಮದೂ ಇರಲಿ, ವೈನಿ.

ಶಿವ ನಿಮ್ಮ ಕೈಗೆ ಕೊಟ್ಟದ್ದನ್ನು ಇನ್ನು ಗಂಟಲಿಗೂ ಕೊಡಲಿ. ಪಾದ ಮುಟ್ಟಿ ಶರಣು ಹೇಳುವ,

ನಿಮ್ಮ ಗಂಗಾ