ದವಡೆ ಹಲ್ಲಿಗೆ ಚೀನಾ ಮದ್ದು

ನವೆಂಬರ್ 3, ಸೋಮವಾರ, ಬೆಳಿಗ್ಗೆ 7
ಇವತ್ತೂ ತಿಂಡಿ ಎಡಗಡೆಯಲ್ಲೇ. ಬಲದವಡೆ ಹಲ್ಲುನೋವಿಗೆ ಎಂಟನೇ ದಿನ. ಭಾನುವಾರ ಕನ್ನಡ ಸಂಘದ ರಾಜ್ಯೋತ್ಸವ. ವಡೋದರಾಕ್ಕೆ ಬಂದು ಹನ್ನೊಂದು ವರ್ಷಕ್ಕೆ ಮೊದಲ ಸಲ ನನಗೂ ಐದು ನಿಮಿಷ — ಸ್ವರಚಿತ ಚುಟುಕ. ತಪ್ಪಿದರೆ ಅದೂ ಕಾರ್ಯದರ್ಶಿ ಕೃಷ್ಣಮೂರ್ತಿಗಳ ಭಾಷಣಕ್ಕೆ ಜಮಾ.
ಹೆಂಡತಿ ನೀಲಾ: "ಡೆಂಟಿಸ್ಟ್ ಹತ್ರ ಹೋಗ್ರೀ." ಡ್ರಿಲ್ ಸದ್ದು ಫ್ಯಾಕ್ಟರಿಯಲ್ಲಿ ದಿನಾ ಕೇಳುತ್ತೇನೆ. ಅದು ಬಾಯೊಳಗೆ... ಬೇಡ.
ಹಲ್ಲೇ, ನಿನ್ನ ಹಟ ನಾ ಬಲ್ಲೆ;
ಭಾನುವಾರದ ತನಕ ಸುಮ್ಮನಿರು ಅಲ್ಲೇ.

ನವೆಂಬರ್ 5, ಬುಧವಾರ
ನಮ್ಮ ಮೇಂಟೆನೆನ್ಸಿನ ಹಾಲಪ್ಪ ಮಕರಪುರದ ಫ್ಯಾಕ್ಟರಿಗೆ ವಾಪಸ್. ಮಷೀನ್ ನೋಡಲು ಚೀನಾಕ್ಕೆ ಹೋಗಿದ್ದ. ನನ್ನ ಕೆನ್ನೆ ನೋಡಿ ಬ್ಯಾಗಿನಿಂದ ಪೊಟ್ಟಣ ತೆಗೆದ. ಬಾಯ್ಬಿಟ್ಟ ಕೆಂಪು ಕಾಳು.
"ಅಲ್ಲಿ ಹಲ್ಲಿಗೆ ಇದ ಔಷಧರೀ ಸರ್."
ಚೀನೀ ಅಕ್ಷರಕ್ಕೆ ಫೋನ್ ಹಿಡಿದು ಓದಿದ: ಎರಡು ಕಾಳು ಮದ್ಯದಲ್ಲಿ ನೆನೆಸಿ ಮುಕ್ಕಳಿಸಿ. ಮುಖ ಮುಖ ನೋಡಿಕೊಂಡೆವು. ಪಾನನಿಷೇಧದ ಗುಜರಾತಿನಲ್ಲಿ! ಉಗುಳಿದೆ ಸಾಹೇಬ್ರೇ ಅಂದರೆ ಯಾವ ಪೊಲೀಸ್ ನಂಬುತ್ತಾನೆ?
"ವಿನೆಗರೂ ನಡೀತದಂತ್ರಿ. ಕೆಳಗ ಬರದಾರ."

ನವೆಂಬರ್ 8, ಶನಿವಾರ
ವಿನೆಗರಿನಲ್ಲಿ ಎರಡು ಕಾಳು ಕುದಿಸಿ ಮುಕ್ಕಳಿಸಿದೆ. ಜುಮ್ ಅಂತು. ನೋವು ಗಾಯಬ್! ಎರಡಕ್ಕೇ ಇಷ್ಟು... ನಾಳೆ ಒಂದು ಹಿಡಿ.

ನವೆಂಬರ್ 9, ಭಾನುವಾರ
ಹಿಡಿ ಹಾಕಿದೆ. ಹಲ್ಲು ಮಲಗಿತು. ಜೊತೆಗೆ ನಾಲಗೆ, ತುಟಿ, ಗಲ್ಲ. ಮೈಕ್ ಮುಂದೆ "ಕನ್ನಡ" ಅಂದೆ. "ಅಞ್ಞ" ಅಂತ ಬಂತು. ಹಾಳೆ ಮೇಲೆ ಜೊಲ್ಲು.
ಕೃಷ್ಣಮೂರ್ತಿಗಳು ಎದ್ದರು. "ನಮ್ಮ ಕವಿಗಳು ಭಾವುಕರಾಗಿದ್ದಾರೆ!" ಹಾಳೆ ಕಿತ್ತು ತಾವೇ ಓದಿದರು — ಭಾವ ತುಂಬಿ, ಪ್ರಾಸ ನುಂಗಿ. ಭಾರೀ ಚಪ್ಪಾಳೆ. ಶಾಲು ಅವರಿಗೇ.
ಮನೆಯಲ್ಲಿ ನೀಲಾ ಕಾಳು ಮೂಸಿದಳು. ಅಂಕೋಲೆಯವಳು. "ನಮ್ಮ ಜುಮ್ಮನಕಾಯಿ ತಂಗಿ ಇದ್ದಂಗಿದೆ. ಬಂಗಡೆ ಸಾರಿಗೇ ನಾನು ನಾಲ್ಕು ಹಾಕೋದು. ಹಿಡಿಯೇನ್ರೀ? ಒಂದು ಮಾತು ಕೇಳೋಕೆ ಬಾಯಿರಲಿಲ್ವಾ?" ಜುಮ್ಮನಕಾಯಿ ಡಬ್ಬಿ ತಂದು ಪಕ್ಕದಲ್ಲಿಟ್ಟಳು. ಹನ್ನೊಂದು ವರ್ಷದಿಂದ ನಮ್ಮ ಅಡುಗೆಮನೆಯಲ್ಲೇ ಇದೆಯಂತೆ. ವಾದಿಸಲು ನಾಲಗೆ ಇರಲಿಲ್ಲ.

ನವೆಂಬರ್ 12, ಬುಧವಾರ, ಸಂಜೆ 5
ನೋವು ವಾಪಸ್. ಡೆಂಟಿಸ್ಟರ ಬೆಂಚು. ಬಾಗಿಲ ಪಕ್ಕ ನೀಲಾ — ಕಾವಲು. ಹಲ್ಲು ಕೀಳಲೇಬೇಕಂತೆ. ಇಂಜೆಕ್ಷನ್ ಕೊಟ್ಟರೆ ಬಾಯಿ ಮರಗಟ್ಟುತ್ತದೆ ಅಂದರು. ಅಭ್ಯಾಸವಿದೆ ಅಂದೆ.
ಕೃಷ್ಣಮೂರ್ತಿಗಳ ಫೋನು: "ನೆಕ್ಸ್ಟ್ ಇಯರೂ ಬರ್ಕೊಡಿ, ನಾನೇ ಓದ್ತೀನಿ!"
ಉತ್ತರ ಪ್ರಾಸದಲ್ಲೇ ಕೊಡಬೇಕು.
ಹೋಗಿ ಬಾ ಹಲ್ಲೇ, ನೀನಿಲ್ಲದೆಯೂ ನಾ ಬಾಳಬಲ್ಲೆ;
ಮುಂದಿನ ವರ್ಷ ಮೈಕಿನ ಮುಂದೆ ನಾನೇ ನಿಲ್ಲಬ— ಅಯ್ಯೋ, ಒಳಗೆ ಕರೆದರು.