ಒಳಗಿನಿಂದ ಒದ್ದೆ

ಜುಲೈ ೮, ೨೦೧೬. ಕೆಲ್ಲಿವಿಲ್

ಬ್ಯಾಗ್ ಮತ್ತೆ ಬಿಚ್ಚಿ ತುಂಬಿದೆ. ಕಾಟನ್ ಬನಿಯನ್, ಮೇಲೆ ಕಾಟನ್ ಟೀ ಶರ್ಟ್, ಸ್ವೆಟರ್, ಎಲ್ಲದರ ಮೇಲೆ ಹಾಸ್ಟೆಲ್ ಕಾಲದ ರೇನ್‌ಕೋಟ್. ಕಾಲ್ಚೀಲದ ಮೇಲೆ ಪ್ಲಾಸ್ಟಿಕ್ ಕವರ್, ರಬ್ಬರ್‌ಬ್ಯಾಂಡ್. ಮೂಡಬಿದ್ರೆಯ ಮಳೆಗಾಲ ಪೂರ್ತಿ ಹೀಗೇ ಕಳೆದದ್ದು. ನೆನೆದದ್ದೇ ಇಲ್ಲ.

ಇಲ್ಲಿ ಜುಲೈ ಅಂದರೆ ಚಳಿಗಾಲ; ಕ್ಲಾಸಿನವರ ಸ್ಕೀ ಟ್ರಿಪ್‌ಗೆ ಹೋಗುವ ಪೆರಿಶರ್ ಬೆಟ್ಟದಲ್ಲಿ ಹಿಮದ ಜೊತೆ ಮಳೆಯಂತೆ. ಕ್ಲಾಸ್‌ಮೇಟ್ ಲೀಶಾ ಫೋನ್ ಮಾಡಿದ್ದಳು. ಮಂಗಳೂರಿನವಳು.

"ವಾಟರ್‌ಪ್ರೂಫ್ ಉಂಟಲ್ಲ ಮಾರಾಯ್ತಿ? ಇಲ್ಲದಿದ್ರೆ ಹೇಳು, ಸ್ಕೀ ಜಾಕೆಟ್ ಬಾಡಿಗೆಗೆ ಸಿಗ್ತದೆ."

"ಇದೆ" ಎಂದೆ. ಇದೆಯಲ್ಲ.

ನಾನಿರುವ ಮನೆಯ ವತ್ಸಲಾ ಆಂಟಿಯ ಅತ್ತೆ-ಮಾವ ತಿಂಗಳ ಕೊನೆಗೆ ಬರುತ್ತಾರೆ. ನನ್ನ ರೂಮ್ ಅವರಿಗೆ ಬೇಕು. ಲೀಶಾ ಎಪ್ಪಿಂಗ್‌ನಲ್ಲಿ ಹಿಡಿದ ಫ್ಲಾಟ್‌ನಲ್ಲಿ ಒಂದು ಬೆಡ್ ಖಾಲಿ. ಅವಳು ಇನ್ನೂ ಯಾರಿಗೂ ಹೂಂ ಅಂದಿಲ್ಲ. ಟ್ರಿಪ್‌ನಲ್ಲಿ ಸರಿಯಾಗಿರಬೇಕು. ತೊಂದರೆ ಕೊಡಬಾರದು...

ಜುಲೈ ೧೦. ವಾಪಸ್ ಬಸ್‌ನಲ್ಲಿ

ಬೆರಳು ಇನ್ನೂ ನೆಟ್ಟಗಿಲ್ಲ.

ಬಿದ್ದೆ, ಎದ್ದೆ, ಬಿದ್ದೆ. ಬೆವರಿದೆ. ಹೊರಗಿನ ಒಂದು ಹನಿಯೂ ಒಳಗೆ ಬರಲಿಲ್ಲ. ಒಳಗಿನದು ಹೊರಗೆ ಹೋಗಲಿಲ್ಲ. ಬನಿಯನ್ ಹಿಂಡುವಂತಿತ್ತು. ಪ್ಲಾಸ್ಟಿಕ್ ಕವರ್‌ನೊಳಗೆ ಪಾದ ಪಚಪಚ. ಬೆಟ್ಟ ಹತ್ತಿಸುವ ತೂಗುಕುರ್ಚಿಯ ಲಿಫ್ಟ್ ನಡುಗಾಳಿಯಲ್ಲಿ ನಿಂತುಬಿಟ್ಟಿತು. ಪಕ್ಕದಲ್ಲೇ ಲೀಶಾ. "ಚಳಿಯಾ?" "ಇಲ್ಲ, ಪರ್ವಾಗಿಲ್ಲ." ಇಳಿಯುವಾಗ ಕಾಲು ನಿಲ್ಲಲಿಲ್ಲ. ತುಟಿ ನೀಲಿಯಾಗಿತ್ತಂತೆ.

ಅವಳೇ ಕೆಳಗೆ ತಂದಳು. ರೇನ್‌ಕೋಟ್ ಬಿಚ್ಚಿ ತಿರುಗಿಸಿ ನೋಡಿದಳು. "ಇದು ಸ್ಕೂಟರ್‌ದ್ದಲ್ವಾ? ಕಾಟನ್ ಬೇರೆ. ನೀರು ಕುಡಿದು ಕೂತಿದೆ." ತನ್ನ ಒಣ ಥರ್ಮಲ್ ಒಳಉಡುಪು ನನಗೆ ಹಾಕಿದಳು. ಅವಳ ದಿನ ಹಾಳು. ಬಸ್‌ನಲ್ಲಿ ಬೇರೆ ಸೀಟಿನಲ್ಲಿ ಕೂತಿದ್ದಾಳೆ.

ಜುಲೈ ೧೪

ಕ್ಯಾಂಟೀನ್. ಲೀಶಾ ಬೆಡ್ ಬೇರೆಯವಳಿಗೆ ಕೊಟ್ಟಳು.

"ಜಾಕೆಟ್ ವಿಷಯ ಅಲ್ಲ ಇಂಚರಾ. ನಾನು ಕೇಳಿದೆ, ನೀನು ಪರ್ವಾಗಿಲ್ಲ ಅಂದಿ. ಸಾಯ್ಲಿಕ್ಕೆ ಹೊರಟವಳು ಹಾಗೆ ಹೇಳಿದ್ರೆ ಒಟ್ಟಿಗೆ ಹೇಗೆ ಇರೂದು? ನಂಗೆ ಹೆದರಿಕೆ ಆಗ್ತದೆ."

ಏನಾದರೂ ಹೇಳಬೇಕಿತ್ತು. ಪ್ಲೀಸ್ ಅಂತಾದರೂ. "ಓಕೆ, ನೋ ವರೀಸ್" ಎಂದೆ. ನಕ್ಕೆ ಕೂಡ.

ಸಂಜೆ ಆಂಟಿ ಕೇಳಿದರು, "ರೂಮ್ ಸಿಕ್ತೇನೇ?" ಹೂಂ, ಲೀಶಾ ಜೊತೆ ಎಂದೆ. ಯಾಕೆ ಎಂದೆನೋ.

ಜುಲೈ ೩೦. ಬೆಳಿಗ್ಗೆ

ರೂಮ್ ಎಲ್ಲೂ ಸಿಗಲಿಲ್ಲ. ಯಾರಿಗೂ ಹೇಳಲಿಲ್ಲ.

ಬೆಡ್‌ಶೀಟ್ ಬದಲಾಗಿದೆ. ನನ್ನ ಸೂಟ್‌ಕೇಸ್ ಅಂಕಲ್ ಆಗಲೇ ಕಾರಿಗೆ ಹಾಕಿದ್ದಾರೆ.

"ಲೀಶಾಗೂ ಒಂಚೂರು ಸಾರಿನಪುಡಿ ಕಟ್ಟಿದೀನಿ ಕಣೆ. ಎಪ್ಪಿಂಗ್‌ನಲ್ಲಿ ಎಲ್ಲಿ ಅಂತ ಅಂಕಲ್ ಕೇಳ್ತಿದಾರೆ. ಅಡ್ರೆಸ್ ಬರ್ಕೊಡು."

ಆಂಟಿ ಬಾಗಿಲಲ್ಲೇ ನಿಂತಿದ್ದಾರೆ. ಈ ಪುಟದಲ್ಲಿ ಅಡ್ರೆಸ್ಸೇ ಬರೆಯುತ್ತಿದ್ದೇನೆ ಅಂದುಕೊಂಡಿದ್ದಾರೆ. ಹತ್ತಿರ ಬಂದು ಈ ಪುಟಕ್ಕೇ ಕೈ ಚಾಚಿ—